ನೆಂಟನ ತೋಟ

ಕತ್ತು ಹಿಡಿದಳು, ಅರ್ಧ ತಿರುಗಿಸಿದಳು, ಎಳೆದೇಬಿಟ್ಟಳು.

ಬೇರುಸಮೇತ ಬಂತು. ಈ ಗಿಡ ಇಷ್ಟು ಸಲೀಸಾಗಿ ಅವಳ ಜನ್ಮದಲ್ಲೇ ಬಂದಿರಲಿಲ್ಲ. ಕಿತ್ತಾಗ ಒಂದು ತುಂಡನ್ನು ಮಣ್ಣೊಳಗೆ ಬಚ್ಚಿಟ್ಟು, ಸತ್ತಂತೆ ನಟಿಸಿ, ಮುಂದಿನ ವಾರ ಅದೇ ಜಾಗದಲ್ಲಿ ತಲೆಯೆತ್ತಿ ಹಲ್ಲು ಕಿರಿಯುವ ಜಾತಿ ಅದು. ಆ ಅಂದಾಜಿನಲ್ಲೇ ಬೆನ್ನಿನ ಬಲವನ್ನೆಲ್ಲ ಹಾಕಿ ಎಳೆದಿದ್ದಳು. ಗಿಡ ಬೆಣ್ಣೆಯೊಳಗಿನ ಕೂದಲಿನಂತೆ ಬಂದುಬಿಟ್ಟದ್ದರಿಂದ ಹಿಂದಕ್ಕೆ ಜೋಲಿ ಹೊಡೆದು, ಯಾರದೋ ಕ್ಯಾಮೆರಾಕ್ಕೆ ಭುಜ ಬಡಿದು, ಹೇಗೋ ಸಾವರಿಸಿಕೊಂಡು ನಿಂತಳು.

ಹಗ್ಗದ ಈಚೆ ನಿಂತ ಜನ ಅವಳ ಕೈಯನ್ನೇ ನೋಡುತ್ತಿದ್ದರು, ತೊಟ್ಟಿಲಲ್ಲಿ ಮಲಗಿದ್ದ ಮಗುವನ್ನು ಎತ್ತಿಕೊಂಡು ಓಡಲು ಹೊರಟವಳನ್ನು ನೋಡುವ ಹಾಗೆ.

ಜೊತೆಗೆ ಬಂದಿದ್ದ ಕುಳ್ಳಿ ಅವಳ ತೋಳು ಜಗ್ಗಿ, ತುಟಿ ಅಲುಗಿಸದೆ ಹೇಳಿದಳು: “ಅಕ್ಕಾ, ಇವತ್ತು ರಜೆ.”

ರಜೆಯೇ. ಇಬ್ಬರೂ ನಗರದ ಉದ್ಯಾನ ಇಲಾಖೆಯಲ್ಲಿ ಕಳೆ ಕೀಳುವವರು. ಆ ಗುಂಪಿನಲ್ಲಿ ಚಿಕ್ಕವರಿಂದ ಹಿಡಿದು ಮೇಸ್ತ್ರಿಯವರೆಗೆ ಎಲ್ಲರಿಗೂ ಇವಳು ಅಕ್ಕ. ಅಕ್ಕನ ಕಾಲುಗಳಿಗೆ ರಜೆ ಸಿಕ್ಕಿತ್ತು, ಕಣ್ಣಿಗೂ ಕೈಗೂ ಯಾರೂ ರಜೆ ಮಂಜೂರು ಮಾಡಿರಲಿಲ್ಲ. ಬೆಳಗಿನಿಂದ ಈ ದೊಡ್ಡ ಹೂವಿನ ಪ್ರದರ್ಶನದಲ್ಲಿ ಒಂದಾದ ಮೇಲೊಂದು ಮಾದರಿ ತೋಟ ನೋಡಿದ್ದಳು. ಗಾಜಿನ ಮೆಟ್ಟಿಲುಗಳಿಂದ ನೀರಿಳಿಯುವ ತೋಟ, ಬರೀ ಕಪ್ಪು ಹೂವಿನ ತೋಟ, ತಲೆಕೆಳಗಾಗಿ ತೂಗುಬಿಟ್ಟ ತೋಟ. ಕುಳ್ಳಿ ಪ್ರತಿಯೊಂದರ ಮುಂದೆಯೂ ಬಾಯಿ ತೆರೆದು ನಿಂತಳು. ಅಕ್ಕ ಮಾತ್ರ ಹೂವಿನ ಮೇಲೆ ಒಂದು ಸಲ ಕಣ್ಣು ಹಾಯಿಸಿ, ಹೂವು ಹೂವಿನ ನಡುವಿನ ಮಣ್ಣನ್ನು ನೋಡುತ್ತಿದ್ದಳು. ಎಲ್ಲೂ ಒಂದೇ ಒಂದು ಕಳೆ ಇಲ್ಲ. ಇದೇನು, ಈ ಊರಿನ ಗಾಳಿ ಇಲ್ಲಿಗೆ ಬರುವುದಿಲ್ಲವೋ ಎಂದುಕೊಂಡಳು. ಮೊದಮೊದಲು ಮೆಚ್ಚುಗೆಯಾಯಿತು. ಆಮೇಲೆ, ಹೇಳಿಕೊಳ್ಳಲು ನಾಚಿಕೆ, ಆಕಳಿಕೆ ಬಂತು.

ಕೊನೆಗೆ ಇಲ್ಲಿ, ಈ ಮೂಲೆಯ ತೋಟದ ಅಂಚಿನಲ್ಲಿ, ಒಡೆದ ಕಾಂಕ್ರೀಟು ಚಪ್ಪಡಿಯ ಬಿರುಕಿನಿಂದ ಹಗ್ಗದ ಈಚೆಗೆ ಕತ್ತು ಚಾಚಿ ನಿಂತಿದ್ದ, ಅವಳ ಹಳೆಯ ವೈರಿ. ಗರಗಸದಂಥ ಎಲೆ, ರೋಮರೋಮದ ದಂಟು, ತುದಿಯಲ್ಲಿ ಬ್ರೆಡ್ಡಿನ ಚೂರು ಉದುರಿಸಿದಂಥ ಬಿಳಿ ಹೂವು. ಪುಸ್ತಕದಲ್ಲಿ ಇದಕ್ಕೇನು ಹೆಸರೋ. ಗುಂಪಿನ ಹೆಂಗಸರು ಕರೆಯುವುದು ನೆಂಟ ಎಂದು. ಕರೆಯದೆ ಬರುತ್ತದೆ, ಬಂದಮೇಲೆ ಹೋಗುವ ಮಾತೆತ್ತುವುದಿಲ್ಲ. “ನಿಮ್ಮನೆ ನೆಂಟ ನನ್ನ ಸಾಲಿಗೆ ಬಂದವ್ನೆ, ಸ್ವಲ್ಪ ವಿಚಾರಿಸ್ಕೊಳ್ಳೇ” ಎಂದು ಒಬ್ಬರಿಗೊಬ್ಬರು ಕೂಗಿಕೊಂಡು ನಗುವುದು ಅವರ ದಿನದ ಕೆಲಸದಲ್ಲೇ ಒಂದು ಭಾಗ. ನಗದಿದ್ದರೆ ಅಳಬೇಕಾಗುತ್ತಿತ್ತು, ಅಂಥ ಹಾಲು ಅದರದ್ದು. ದಂಟು ಮುರಿದ ಕಡೆ ಜಿನುಗುವ ಬಿಳಿ ಹಾಲು ಬೆರಳ ಸಂದಿಗೆ ಇಳಿದರೆ ಮೊದಲು ನವೆ, ಆಮೇಲೆ ಉರಿ, ಆಮೇಲೆ ಗುಳ್ಳೆ.

ಅಕ್ಕ ಈಗ ಕೈಯಲ್ಲಿದ್ದದ್ದರ ಬೇರು ನೋಡಿದಳು. ಬೇರು ಕೆಳಗಿಳಿದಿರಲಿಲ್ಲ. ಸುತ್ತಿಕೊಂಡು, ಸುತ್ತಿಕೊಂಡು, ಲೋಟದ ಆಕಾರಕ್ಕೆ ಬಂದಿತ್ತು. ಬಗ್ಗಿ ಬಿರುಕಿನೊಳಗೆ ಇಣುಕಿದಳು. ಒಳಗೆ ಪ್ಲಾಸ್ಟಿಕ್ ಕುಂಡದ ಕಪ್ಪು ಬಾಯಿ ಕಾಣಿಸಿತು.

ಯಾರೋ ನೆಂಟನನ್ನು ಕುಂಡದಲ್ಲಿ ಬೆಳೆಸಿದ್ದರು.

ಆಗ ತಲೆಯೆತ್ತಿ, ಮೊದಲ ಸಲ ಇಡೀ ತೋಟ ನೋಡಿದಳು. ಒಂದಲ್ಲ. ತುಕ್ಕು ಹಿಡಿದ ಕಬ್ಬಿಣದ ಕಂಬಿಗಳ ನಡುವೆ, ಬಿದ್ದ ಗೋಡೆಯ ಮೇಲೆ, ಹಳೆಯ ಟೈರಿನೊಳಗೆ, ಎಲ್ಲೆಲ್ಲೂ ನೆಂಟನೇ. ಎದೆಯೆತ್ತರ, ಮೊಣಕಾಲೆತ್ತರ, ಅಂಗೈಯಷ್ಟು. ಅವಳು ಇಷ್ಟು ವರ್ಷ ಕಿತ್ತು ಕಿತ್ತು ಗಾಡಿಗೆ ಹಾಕಿದ್ದೆಲ್ಲ ಎದ್ದು ಬಂದು, ಮುಖ ತೊಳೆದು, ತಲೆ ಬಾಚಿಕೊಂಡು ಸಾಲಾಗಿ ನಿಂತ ಹಾಗಿತ್ತು. ಮುಂದೆ ಒಂದು ಫಲಕ: ‘ಕರೆಯದೆ ಬಂದವರು’. ಅದನ್ನು ಅಕ್ಕ ಎರಡು ಸಲ ಓದಿದಳು. ತಾವು ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಆಡುತ್ತಿದ್ದ ಮಾತು ಇಲ್ಲಿ ಹಲಗೆಯೇರಿ ಕುಳಿತದ್ದು ಹೇಗೆ ಎಂದು ತಿಳಿಯಲಿಲ್ಲ. ಯಾರೋ ಕಿಟಕಿಯಾಚೆ ನಿಂತು ಕೇಳಿಸಿಕೊಂಡ ಹಾಗಿತ್ತು.

“ಅಕ್ಕಾ,” ಎಂದಳು ಕುಳ್ಳಿ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ಅಲ್ನೋಡು. ನಿನ್ ಕೋಟು.”

ಹಿಂಬದಿಯ ಗೋಡೆಗೆ ಅಡ್ಡಲಾಗಿ ಕಟ್ಟಿದ ತಂತಿಯ ಮೇಲೆ ಇಲಾಖೆಯ ನೀಲಿ ಕೋಟೊಂದು ತೂಗುತ್ತಿತ್ತು. ಎರಡೂ ಜೇಬಿನಿಂದ ನೆಂಟ ತಲೆ ಹೊರಹಾಕಿದ್ದ. ನೀಲಿ ಕೋಟು ಊರಲ್ಲಿ ಎಷ್ಟೋ ಇವೆ. ಬಲ ಮೊಣಕೈಗೆ ಹಳದಿ ಹೂವಿನ ಪರದೆಯ ಮೆತ್ತನೆ ಬಟ್ಟೆಯಿಂದ ತೇಪೆ ಹಾಕಿದ ಕೋಟು ಒಂದೇ.

ಕಳೆದ ಚಳಿಗಾಲದಲ್ಲಿ ಆ ಕೋಟು ಕಾಣೆಯಾಗಿತ್ತು. ಸಲಕರಣೆ ಕೋಣೆಯ ಮೊಳೆಗೆ ತಗುಲಿಹಾಕಿದ್ದೆ ಎಂದು ಅಕ್ಕ ಆಣೆ ಮಾಡಿ ಹೇಳಿದ್ದಳು. ಅದರ ಜೇಬಿನ ಮೇಲೆ ಮೊದಲಿನಿಂದಲೂ ಕಣ್ಣಿಟ್ಟವಳು ಕುಳ್ಳಿ ಎಂದು ಎಲ್ಲರಿಗೂ ಗೊತ್ತಿತ್ತು. ಆ ಜೇಬಿನಲ್ಲಿ ಸಂಸಾರ ಹೂಡಬಹುದು ಎಂದು ಅವಳೇ ಹೇಳುತ್ತಿದ್ದಳು. ನೀನೇ ಎತ್ತಿದ್ದಾ ಎಂದು ಅಕ್ಕ ಹಿಂದೆ ಮುಂದೆ ನೋಡದೆ ಮೇಸ್ತ್ರಿಯ ಎದುರಿಗೇ ಅವಳನ್ನು ಕೇಳಿದ್ದಳು. ಚಳಿ ಮುಗಿಯುವವರೆಗೆ ಇಬ್ಬರಿಗೂ ಮಾತಿರಲಿಲ್ಲ, ಗುಂಪಿನ ಪಡ್ಡೆಗಳು ಕುಳ್ಳಿಯನ್ನು ಕಳ್ಳಿ ಎಂದು ಕರೆದವು. ಆಮೇಲೆ ಯಾರೂ ಕ್ಷಮೆ ಕೇಳದೆ, ಯಾರೂ ಕೊಡದೆ, ಒಂದು ಮಧ್ಯಾಹ್ನ ಬುತ್ತಿ ಹಂಚಿಕೊಂಡು ಉಂಡು ರಾಜಿಯಾಗಿದ್ದರು.

ಅಕ್ಕ ಕುಳ್ಳಿಯ ಮುಖ ನೋಡಲಾರದೆ ಕೋಟನ್ನೇ ನೋಡಿದಳು. ಕುಳ್ಳಿ ಬೈದಿದ್ದರೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಹಗ್ಗ ಕಾಯುವವನು ಓಡಿ ಬಂದ. ಅವನ ಹಿಂದೆ, ಹುಲ್ಲಿನ ಟೋಪಿ ಹಾಕಿದ್ದ ಎತ್ತರದ ಮನುಷ್ಯನೊಬ್ಬ. ತೋಟ ಅವನದ್ದೆಂದು ಅವನ ಮುಖವೇ ಹೇಳುತ್ತಿತ್ತು, ಬಣ್ಣವೆಲ್ಲ ಇಳಿದುಹೋಗಿತ್ತು. ಅವನು ಕೂಗಾಡಲಿಲ್ಲ. ಖಾಲಿಯಾದ ಬಿರುಕಿನ ಮುಂದೆ ಮಂಡಿಯೂರಿ, ಹಲ್ಲು ಬಿದ್ದ ವಸಡು ಮುಟ್ಟಿ ನೋಡಿಕೊಳ್ಳುವವನಂತೆ ಬೆರಳಿಟ್ಟ. ತೀರ್ಪುಗಾರರು ಇಲ್ಲಿಂದ ಮೂರನೆಯ ತೋಟಕ್ಕೆ ಬಂದಾಗಿದೆ, ಇಡೀ ತೋಟದಲ್ಲಿ ಇದೇ ಮುಖ್ಯ ಗಿಡ, ಕಣ್ಣು ಮೊದಲು ಬೀಳುವುದೇ ಇದರ ಮೇಲೆ ಎಂದು ಯಾರನ್ನೂ ನೋಡದೆ ಹೇಳಿಕೊಂಡ. ಕುಳ್ಳಿ ಮುಂದೆ ಬಂದು, ಬೇಕಂತ ಕಿತ್ತಿದ್ದಲ್ಲ ಸಾರ್, ನಮಗೆ ಇದು ಕೆಮ್ಮು ಬಂದ ಹಾಗೆ, ತಡೆಯಕ್ಕಾಗಲ್ಲ ಎಂದು ವಿವರಿಸಲು ನೋಡಿದಳು. ಅಕ್ಕನಿಗೆ ಗಿಡವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಿತ್ತ ಕಳೆಯನ್ನು ಹಾಕಲು ಗಾಡಿ ಇಲ್ಲದ ಜಾಗದಲ್ಲಿ ಅವಳು ಇದೇ ಮೊದಲು ನಿಂತಿದ್ದಳು.

ಗೋಡೆಯ ಹಿಂದಿನಿಂದ ನೀರಿನ ಕ್ಯಾನು ಹಿಡಿದ ಹುಡುಗಿಯೊಬ್ಬಳು ಬಂದಳು. ಹಸಿರು ಏಪ್ರನ್ನು, ಮೊಣಕೈವರೆಗಿನ ದಪ್ಪ ಕೈಗವಸು. ಏನಾಯಿತೆಂದು ಕೇಳುತ್ತ ಬಂದವಳು ಅಕ್ಕನನ್ನು ಕಂಡು ನಿಂತಳು.

“ಅಮ್ಮಾ,” ಎಂದಳು. “ಮಧ್ಯಾಹ್ನದ ಮೇಲೆ ಬಾ ಅಂದಿದ್ನಲ್ಲ.”

ಅಂದಿದ್ದಳು, ನಿಜ. ನಮ್ಮ ನರ್ಸರಿಯದ್ದೂ ಒಂದು ತೋಟ ಇದೆ, ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ ಎಂದು ಎರಡು ಪಾಸು ಕೊಟ್ಟಿದ್ದಳು. ಕುಳ್ಳಿಗೆ ಮಧ್ಯಾಹ್ನದವರೆಗೆ ತಡೆಯಲಾಗಲಿಲ್ಲ, ಅಷ್ಟೇ. ಮಗಳು ಬೆಳೆಸಿದ್ದು ಯಾವುದಿರಬಹುದು ಎಂದು ಬೆಳಗಿನಿಂದ ಅಕ್ಕ ಪ್ರತಿ ತೋಟದಲ್ಲೂ ಮನಸ್ಸಿನಲ್ಲೇ ಆರಿಸುತ್ತ ಬಂದಿದ್ದಳು. ಕಪ್ಪು ಹೂವಿನದ್ದು ಆಗಿರಲಿಕ್ಕಿಲ್ಲ, ನೀರಿನ ಮೆಟ್ಟಿಲಿನದ್ದಾದರೆ ಚೆನ್ನ. ಗುಂಪಿನಲ್ಲಿ ಅವಳು ಹೇಳಿಕೊಳ್ಳುತ್ತಿದ್ದದ್ದು ಒಂದೇ ಮಾತು: ನನ್ನ ಮಗಳು ಕಳೆ ಕೀಳಲ್ಲ, ಹೂವು ಬೆಳೆಸ್ತಾಳೆ.

ಟೋಪಿಯವನು ನಿಧಾನಕ್ಕೆ ಎದ್ದ. “ಇವರು ಆ ಅಮ್ಮನಾ?” ಎಂದು ಕೇಳಿದ.

ಆ ಅಮ್ಮ. ಅಂದರೆ ತನ್ನ ಬಗ್ಗೆ ಇಲ್ಲಿ ಮಾತಾಗಿದೆ. ಅಕ್ಕನಿಗೆ ಈ ಮೂರಕ್ಷರ ಗಿಡದ ಹಾಲಿಗಿಂತ ಬೇಗ ಚರ್ಮದೊಳಗೆ ಇಳಿಯಿತು.

ಮಗಳು ಹಗ್ಗ ಎತ್ತಿ, ಅಮ್ಮನನ್ನು ಒಳಗೆ ಕರೆದುಕೊಂಡು, ಪ್ಲೈವುಡ್ ಗೋಡೆಯ ಹಿಂದೆ ನಡೆದಳು. ಮುಂದಿನಿಂದ ಪಾಳುಗೋಡೆಯಂತೆ ಕಾಣುತ್ತಿದ್ದದ್ದು ಹಿಂದಿನಿಂದ ಬರೀ ಹಲಗೆ, ಮೊಳೆ, ಆಸರೆಯ ಕೋಲು. ಅದಕ್ಕೆ ತಾಗಿದಂತೆ ಒಂದು ಡೇರೆ. ಒಳಗೆ ಹೆಜ್ಜೆಯಿಟ್ಟ ಅಕ್ಕನಿಗೆ ಮೊದಲು ಮೂಗಿಗೆ ಹೊಡೆದದ್ದು ಆ ಕಹಿ ಕಮಟು ವಾಸನೆ. ಆಮೇಲೆ ಕಣ್ಣಿಗೆ ಬಿದ್ದದ್ದು ಟ್ರೇಗಳು. ಸಾಲು ಸಾಲು ಟ್ರೇ, ಪ್ರತಿ ಟ್ರೇಯಲ್ಲಿ ಕುಂಡ, ಪ್ರತಿ ಕುಂಡದಲ್ಲಿ ನೆಂಟ. ಸೆಕೆಯಾಗದಿರಲೆಂದು ಫ್ಯಾನು ಇಟ್ಟಿದ್ದರು. ದಂಟು ಬಾಗದಿರಲೆಂದು ಸಣ್ಣ ಕಡ್ಡಿ ನೆಟ್ಟು ಉಣ್ಣೆ ದಾರದಿಂದ ಕಟ್ಟಿದ್ದರು. ಒಂದೊಂದು ಎಲೆಯನ್ನೂ ಒರೆಸಿದ್ದರು. ಆಸ್ಪತ್ರೆಯಲ್ಲಿ ಕೂಡ ಇಷ್ಟು ಉಪಚಾರವನ್ನು ಅಕ್ಕ ನೋಡಿರಲಿಲ್ಲ.

ಮಗಳು ಒಂದು ಕುಂಡವನ್ನು ಎತ್ತಿ, ಬೆಳಕಿಗೆ ಹಿಡಿದು, ಅದನ್ನಿಟ್ಟು ಇನ್ನೊಂದನ್ನು ಎತ್ತಿದಳು. ಮುಂದಿನ ಬಿರುಕಿಗೆ ಬದಲಿ ಹುಡುಕುತ್ತಿದ್ದಳು. ಯೋಚನೆ ಮಾಡಬೇಡ, ಎಲ್ಲ ಗಿಡಗಳೂ ಕುಂಡದಲ್ಲೇ ಇರುವುದು, ಒಂದು ಬಾಡಿದರೆ ಇನ್ನೊಂದು ಇಳಿಸುತ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಸಮಾಧಾನ ಹೇಳಿದಳು. ಅದು ಸಮಾಧಾನವಾಗಿ ಕೇಳಿಸಲಿಲ್ಲ. ಅಕ್ಕ ಜೀವಮಾನದಲ್ಲಿ ಒಮ್ಮೆ ನೆಂಟನನ್ನು ಪೂರ್ತಿ ಬೇರಿನೊಂದಿಗೆ ಕಿತ್ತಿದ್ದಳು. ಅದೂ ಲೆಕ್ಕಕ್ಕಿಲ್ಲ.

“ಇದನ್ನೆಲ್ಲ ನೀನೇ ಬೆಳೆಸಿದ್ದಾ?”

“ಹೂಂ.”

“ಬೇಕಂತ?”

“ಬೇಕಂತಲೇ ಅಮ್ಮಾ.”

“ಹೂವು ಬೆಳೆಸ್ತೀನಿ ಅಂದಿದ್ದೆ.”

“ಹೂವು ಬಿಟ್ಟಿದೆಯಲ್ಲ.”

ಬಿಟ್ಟಿತ್ತು. ಇದೇ ವಾರ ಬಿಡಬೇಕೆಂದು ದೀಪ ಹಾಕಿ, ಪರದೆ ಎಳೆದು, ಅದಕ್ಕೆ ಹಗಲು ರಾತ್ರಿಯ ಲೆಕ್ಕ ತಪ್ಪಿಸಿ ಬಿಡಿಸಿದ್ದಂತೆ. ಮಗಳು ಹೇಳುತ್ತ ಹೋದಂತೆ ಅವಳ ಮುಖ ಕಳೆಗಟ್ಟಿತು. ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಒಂದೇ ಉಸಿರಿನಲ್ಲಿ ಕಥೆ ಹೇಳುತ್ತಿದ್ದ ಮುಖ ಅದು. ಬೀಜ ಎಲ್ಲಿಯದು ಎಂದು ಅಕ್ಕ ಕೇಳಿದಳು. ಮಗಳು ಕತ್ತು ತಗ್ಗಿಸಿ ನಕ್ಕಳು. ವಾರಕ್ಕೊಮ್ಮೆ ಅಮ್ಮನ ಕೆಲಸದ ಬಟ್ಟೆ ಒಗೆಯುವುದು ಅವಳ ಪಾಲಿನ ಕೆಲಸವಾಗಿತ್ತು. ನೆನೆಹಾಕುವ ಮೊದಲು ಪ್ಯಾಂಟಿನ ಮಡಚಿದ ಅಂಚನ್ನು ಬಿಚ್ಚಿ ಕೊಡವಬೇಕು, ಇಲ್ಲದಿದ್ದರೆ ಬಚ್ಚಲ ಕೊಳವೆ ಕಟ್ಟಿಕೊಳ್ಳುತ್ತದೆ ಎಂದು ಹೇಳಿಕೊಟ್ಟವಳು ಅಕ್ಕನೇ. ಮಗಳು ಕೊಡವಿದ್ದನ್ನು ಎಸೆದಿರಲಿಲ್ಲ. ಗಾಜಿನ ಬಾಟಲಿಯಲ್ಲಿ ಹಾಕಿ ಮಂಚದ ಕೆಳಗೆ ಇಟ್ಟಿದ್ದಳು, ವರ್ಷಗಟ್ಟಲೆ.

ಅಂದರೆ ಇವಳು ಹೊರಗೆ ಕೀಳುತ್ತಿದ್ದಳು, ಅವಳು ಒಳಗೆ ಕೂಡಿಡುತ್ತಿದ್ದಳು. ಒಂದೇ ಮಂಚದಲ್ಲಿ, ಮೇಲೆ ತಾಯಿಮಗಳು, ಕೆಳಗೆ ನೆಂಟ. ಅಕ್ಕ ಕುಕ್ಕರಿಸಿದಳು. ಡೇರೆಯಲ್ಲಿ ಕುರ್ಚಿಯಿತ್ತು, ಕಾಲಿಗೆ ನೆನಪಾಗಲಿಲ್ಲ.

“ಇದು ಏನು ಮಾಡುತ್ತೆ ಅಂತ ನಿಂಗೆ ಗೊತ್ತಿಲ್ವಾ?” ಎಂದು ಕೇಳಿದಳು.

“ಗೊತ್ತಿಲ್ದೆ ಏನು. ಅದಕ್ಕೇ ಗ್ಲೌಸ್.”

ಅಕ್ಕ ಕೈಗವಸು ನೋಡಿದಳು, ತನ್ನ ಕೈ ನೋಡಿದಳು. ಬೆರಳ ಸಂದಿಯಲ್ಲಿ ಆಗಲೇ ನವೆ ಶುರುವಾಗಿತ್ತು. ಸಾಕಿ ಸಲಹಿದರೂ ನೆಂಟ ಗುಣ ಬಿಟ್ಟಿರಲಿಲ್ಲ. ಅವಳು ಎರಡೂ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದು ಕೂತಿದ್ದಳು, ಹಾಗೆ ಹಿಡಿಯುವುದು ಮೈಗಂಟಿದ ಅಭ್ಯಾಸ. ಮಗು ಹುಟ್ಟಿದ ವರ್ಷ ಕಲಿತದ್ದು. ಕೆಲಸದಿಂದ ಬಂದು ಎಷ್ಟು ಸೋಪು ಉಜ್ಜಿದರೂ ಹಾಲಿನ ಅಂಶ ಉಗುರಲ್ಲಿ ಉಳಿಯುತ್ತಿತ್ತು. ಒಮ್ಮೆ ಮಗುವಿನ ಕೆನ್ನೆ ಸವರಿದ್ದಕ್ಕೆ ಕೆನ್ನೆ ಕೆಂಪಗೆ ಊದಿಕೊಂಡಿತ್ತು. ಅಂದಿನಿಂದ ಅಕ್ಕ ಮಗಳನ್ನು ಮುದ್ದಿಸಿದ್ದು ಬಲ ಮೊಣಕೈಯಿಂದ. ಬಾಗಿಲಲ್ಲೇ ಓಡಿ ಬಂದು ಕೆನ್ನೆ ಒಡ್ಡುತ್ತಿದ್ದ ಮಗುವಿಗೆ ಕೋಟಿನ ಒರಟು ಬಟ್ಟೆ ತರಚಬಾರದೆಂದು, ಹರಿಯದಿದ್ದ ಜಾಗಕ್ಕೆ ತೇಪೆ ಹಾಕಿದ್ದಳು. ಮನೆಯಲ್ಲಿದ್ದ ಮೆತ್ತನೆಯ ಬಟ್ಟೆ ಆ ಪರದೆಯೊಂದೇ. ಇದು ಕುಳ್ಳಿಗೂ ಗೊತ್ತಿರಲಿಲ್ಲ. ಎಲ್ಲರೂ ಮೊಣಕೈ ಹರಿದಿದೆ ಎಂದುಕೊಂಡಿದ್ದರು.

ಮಗಳು ಕೈಗವಸು ಕಳಚಿ ಅವಳ ಮುಂದೆ ಕೂತಳು. ಮೆಲ್ಲಗೆ ಹೇಳಿದಳು: “ನಂಗೆ ಈ ವಾಸನೆ ಅಂದ್ರೆ ನೀನೇ ಅಮ್ಮಾ. ನೀನು ಮನೆಗೆ ಬಂದೆ ಅಂತ ಗೊತ್ತಾಗ್ತಿದ್ದಿದ್ದೇ ಇದರಿಂದ.”

ಅಕ್ಕನಿಗೆ ದಿಗಿಲಾಯಿತು. ಯಾವುದನ್ನು ಹೊಸಿಲಾಚೆ ತಡೆದೆನೆಂದು ಇಷ್ಟು ವರ್ಷ ನಂಬಿದ್ದಳೋ ಅದರ ಹೆಸರಿನಲ್ಲೇ ಮಗಳು ತನ್ನನ್ನು ನೆನಪಿಟ್ಟುಕೊಂಡಿದ್ದಳು. ಸಂತೋಷಪಡಬೇಕೋ ಬಡಿದುಕೊಂಡು ಅಳಬೇಕೋ ಎಂದು ತಿಳಿಯದೆ, ಒಗೆಯುವ ಬಟ್ಟೆಯೊಳಗಿಂದಲೇ ಎತ್ತಿಟ್ಟಿದ್ದೀಯ, ಕೋಟು ಕೇಳಿ ತಗೊಂಡಿದ್ದರೆ ಆಗುತ್ತಿರಲಿಲ್ಲವೇ, ನಾನು ಪಾಪ ಕುಳ್ಳಿಯನ್ನು ಕಳ್ಳಿ ಮಾಡಿಬಿಟ್ಟೆ ಎಂದಳು. ಕೇಳಿದ್ದರೆ ಕೊಡುತ್ತಿದ್ದೆಯಾ ಎಂದಳು ಮಗಳು. ಅದಕ್ಕೆ ಉತ್ತರ ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಮಗಳು ಇನ್ನೊಂದು ವಿಷಯ ಹೇಳಿದಳು. ಈ ತೋಟದ ಯೋಚನೆ ಅವಳದ್ದು, ಹೆಸರು ಸಿಗುವುದು ಟೋಪಿಯವನಿಗೆ. ಚಿನ್ನದ ಪದಕ ಬಂದರೆ ಮುಂದಿನ ವರ್ಷ ಒಂದು ತೋಟ ಪೂರ್ತಿ ಅವಳಿಗೇ ಬಿಡುತ್ತೇನೆ, ಫಲಕದ ಮೇಲೆ ಅವಳ ಹೆಸರೇ ಇರುತ್ತದೆ ಎಂದು ಅವನು ಮಾತು ಕೊಟ್ಟಿದ್ದಾನೆ. ಬರದಿದ್ದರೆ ಟ್ರೇಗೆ ನೀರು ಹಾಕುತ್ತಾ ಇರುವುದು, ಇನ್ನೆಷ್ಟು ವರ್ಷವೋ. ಅಕ್ಕ ಕೇಳಿಸಿಕೊಂಡಳು. ಪದಕ ಬರಲಿ ಎಂದು ಮನಸ್ಸಿನಲ್ಲೇ ಹಾರೈಸಿದಳು ಕೂಡ, ಹಾಗೆ ಹಾರೈಸಿದ್ದಕ್ಕೆ ಅವಳಿಗೇ ಅಚ್ಚರಿಯಾಯಿತು. ನೆಂಟನಿಗೆ ಒಳ್ಳೆಯದಾಗಲಿ ಎಂದು ಬಯಸುವ ದಿನವೂ ಬಂತಲ್ಲ.

ಅವರು ಹೊರಬಂದಾಗ ಬದಲಿ ಗಿಡವನ್ನು ಮಗಳು ಬಿರುಕಿಗೆ ಇಳಿಸಿ, ಸುತ್ತ ಜಲ್ಲಿ ಎಳೆದಳು. ತೋಟ ಏನೂ ಆಗಿಲ್ಲವೆಂಬಂತೆ ನಿಂತಿತು. ಆದರೆ ಟೋಪಿಯವನ ಮುಖಕ್ಕೆ ಬಣ್ಣ ಮರಳಿತ್ತು, ಬೇಕಾದ್ದಕ್ಕಿಂತ ಹೆಚ್ಚೇ. ತಂತಿಯ ಮೇಲಿದ್ದ ಕೋಟು ಈಗ ಅವನ ಕೈಯಲ್ಲಿತ್ತು. ಜೇಬಿನ ಗಿಡಗಳನ್ನು ತೆಗೆದಿಟ್ಟಿದ್ದ. ಅಕ್ಕ ಕಿತ್ತಾಗ ಜನ ಹೇಗೆ ಉಸಿರು ಬಿಗಿಹಿಡಿದರು, ತಾನು ಇಷ್ಟು ದಿನ ಈ ತೋಟದಲ್ಲಿ ಏನೋ ಕಡಿಮೆ ಎಂದುಕೊಳ್ಳುತ್ತಿದ್ದದ್ದು ಅದೇ ಎಂದು ಗಡಬಡಿಸಿ ಹೇಳಿದ. ಅಮ್ಮ ಈ ಕೋಟು ಹಾಕಿಕೊಂಡು ತೋಟದ ನಡುವೆ ಕೂರಬೇಕು. ತೀರ್ಪುಗಾರರು ಬಂದಾಗ ಒಂದೊಂದಾಗಿ ಕೀಳಬೇಕು. ಸಂಜೆ ಮಗಳು ಅಲ್ಲೆಲ್ಲ ಮತ್ತೆ ಇಳಿಸುತ್ತಾಳೆ, ಮರುದಿನ ಅಮ್ಮ ಮತ್ತೆ ಕೀಳಬೇಕು. ಪ್ರದರ್ಶನ ಮುಗಿಯುವವರೆಗೂ. ಪದಕ ಎಲ್ಲಿಗೂ ಹೋಗುವುದಿಲ್ಲ ಎಂದ.

ಕುಳ್ಳಿ ನಡುವೆ ಬಾಯಿ ಹಾಕಿದಳು. “ಕೋಟು ನಂಗೇ ಕೊಡಿ ಸಾರ್. ಕದ್ದವಳು ಅನ್ನಿಸ್ಕೊಂಡಿದ್ದಕ್ಕೆ ಒಂದ್ಸಲನಾದ್ರೂ ಹಾಕ್ಕೊಳ್ತೀನಿ.”

ಜನ ನಕ್ಕರು. ಟೋಪಿಯವನೂ ನಕ್ಕ, ಆದರೆ ತಲೆಯಾಡಿಸಿದ. ಬೇರೆಯವರಿಂದ ಆಗುವುದಿಲ್ಲ. ಕೋಟಿನ ಬಲತೋಳನ್ನು ಬಾವುಟದಂತೆ ಎತ್ತಿ, ಹಳದಿ ತೇಪೆಯ ಮೇಲೆ ಹೆಬ್ಬೆರಳು ಆಡಿಸಿದ.

“ಮೊಣಕೈ ಕಥೆ ನಿಮ್ಮ ಮಗಳು ಹೇಳಿದ್ದಾರೆ,” ಎಂದ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. “ಮಗುವನ್ನ ಕೈಯಲ್ಲಿ ಮುಟ್ಟೋ ಹಾಗಿರಲಿಲ್ಲ ಅಂತ. ಅದನ್ನ ತೀರ್ಪುಗಾರರಿಗೆ ನಾನೇ ಹೇಳ್ತೀನಿ, ನೀವೇನೂ ಮಾತಾಡ್ಬೇಕಾಗಿಲ್ಲ. ತೇಪೆ ಕಾಣೋ ಹಾಗೆ ಸ್ವಲ್ಪ ಈ ಕಡೆ ತಿರುಗಿ ಕೂತ್ಕೊಳ್ಳಿ, ಸಾಕು.”

ಹಗ್ಗದ ಈಚೆಯಿಂದ ಯಾರೋ ಒಬ್ಬಳು ‘ಅಯ್ಯೋ ಪಾಪ’ ಎಂದಳು. ಕ್ಯಾಮೆರಾಗಳು ಕೋಟಿನಿಂದ ಅಕ್ಕನ ಮೊಣಕೈಗೆ ತಿರುಗಿದವು. ಕುಳ್ಳಿ ನಗು ನಿಲ್ಲಿಸಿ, ಮೊದಲ ಸಲ ನೋಡುವವಳಂತೆ ಆ ತೇಪೆಯನ್ನು ನೋಡಿದಳು.

ಅಕ್ಕ ಮಗಳ ಕಡೆ ತಿರುಗಿದಳು. ಮಗಳ ಕೆನ್ನೆ ಕೆಂಪಾಗಿತ್ತು. ಹಾಗೆ ಕೆಂಪಾದದ್ದನ್ನು ಅವಳು ಒಂದೇ ಒಂದು ಸಲ ನೋಡಿದ್ದಳು, ಅವತ್ತು ತನ್ನ ಕೈ ತಾಗಿ.

ಪಕ್ಕದ ತೋಟದಿಂದ ತೀರ್ಪುಗಾರರು ಮಾತಾಡಿಕೊಳ್ಳುತ್ತ ಹೊರಡುವುದು ಕೇಳಿಸಿತು. ಟೋಪಿಯವನು ಕೋಟನ್ನು ಮಗಳ ಕೈಗೆ ಕೊಟ್ಟು, ಬೇಗ ಎಂದು ಕಣ್ಣಲ್ಲೇ ಹೇಳಿದ. ಮಗಳು ಒಂದು ಕ್ಷಣ ಅದನ್ನು ಎದೆಗೆ ಅವಚಿಕೊಂಡಳು. ಆಮೇಲೆ ಎರಡೂ ಹೆಗಲು ಹಿಡಿದು, ತೋಳು ತೂರಿಸಲು ಸರಿಯಾಗುವಂತೆ ಅಗಲವಾಗಿ ಬಿಡಿಸಿ ಹಿಡಿದಳು, ಚಳಿಯ ಬೆಳಗುಗಳಲ್ಲಿ ಅಕ್ಕ ಅವಳ ಸ್ವೆಟರನ್ನು ಹಿಡಿಯುತ್ತಿದ್ದ ಹಾಗೆಯೇ.

“ಅಮ್ಮಾ. ನನಗೋಸ್ಕರ.”

ಅಕ್ಕನ ಕೈಗಳು ಇನ್ನೂ ಮೈಯಿಂದ ದೂರದಲ್ಲೇ ಇದ್ದವು. ಉರಿ ಮಣಿಕಟ್ಟಿನವರೆಗೆ ಏರಿತ್ತು.

“ಹಾಕ್ಕೊಳ್ಳಲ್ಲ,” ಎಂದಳು.